ಬೆಂಗಳೂರಿನ ವೀರಗಲ್ಲುಗಳು

ಬೆಂಗಳೂರಿನ ವೀರಗಲ್ಲುಗಳು ಇಂದಿನ ಬೆಂಗಳೂರು ನಗರ ಹಾಗೂ ಅದರ ಹೊರವಲಯದ ಊರುಗಳಲ್ಲಿ ದೊರೆತಿರುವ ಸ್ಮಾರಕ ಶಿಲೆಗಳಾಗಿವೆ. ಕಾಳಗದಲ್ಲಿ ಮಡಿದ ಯೋಧರ ನೆನಪಿಗಾಗಿ ಇವುಗಳನ್ನು ಊರಬಾಗಿಲು, ಕೆರೆಯ ಏರಿ, ದೇವಾಲಯದ ಆವರಣ ಮತ್ತು ದಾರಿಯ ಬದಿಗಳಲ್ಲಿ ನಿಲ್ಲಿಸಲಾಗುತ್ತಿತ್ತು. ರಾಜಶಾಸನಗಳಲ್ಲಿ ಕಾಣದ ಸಾಮಾನ್ಯ ಯೋಧರ ಹೆಸರು ಹಾಗೂ ಹಳೆಯ ಊರುಗಳ ಹೆಸರುಗಳನ್ನು ಉಳಿಸಿಕೊಟ್ಟಿರುವುದರಿಂದ ಸ್ಥಳೀಯ ಇತಿಹಾಸಕ್ಕೆ ಇವು ಮುಖ್ಯ ಆಕರಗಳಾಗಿವೆ.

ಸ್ವರೂಪ

ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಹಂತಗಳಿರುತ್ತವೆ. ಕೆಳಗಿನ ಹಂತದಲ್ಲಿ ಕಾಳಗದ ದೃಶ್ಯ, ನಡುವಿನ ಹಂತದಲ್ಲಿ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲಿನ ಹಂತದಲ್ಲಿ ದೇವರ ಸನ್ನಿಧಿಯಲ್ಲಿರುವ ವೀರ ಕಂಡುಬರುತ್ತಾರೆ. ತುದಿಯಲ್ಲಿರುವ ಸೂರ್ಯಚಂದ್ರರ ಚಿಹ್ನೆಗಳು ಕೀರ್ತಿಯ ಶಾಶ್ವತತೆಯನ್ನು ಸೂಚಿಸುತ್ತವೆ. ಶಾಸನವಿಲ್ಲದ ಕಲ್ಲುಗಳೂ ಇವೆ. ಅರಸರ ಯುದ್ಧಗಳಲ್ಲಿ ಮಡಿದವರಿಗಷ್ಟೇ ಅಲ್ಲದೆ, ತುರುಗೊಳ್ (ದನಗಳ ಅಪಹರಣ), ಊರಳಿವು (ಊರಿನ ನಾಶ), ಪೆಣ್ಬುಯ್ಯಲ್ (ಹೆಂಗಸರ ಮೇಲಿನ ಆಕ್ರಮಣ) ಸಂದರ್ಭಗಳಲ್ಲಿ ಹೋರಾಡಿ ಪ್ರಾಣ ತೆತ್ತವರಿಗೂ ಕಲ್ಲುಗಳನ್ನು ನಿಲ್ಲಿಸಲಾಗಿದೆ. ಮಡಿದವರ ಕುಟುಂಬಕ್ಕೆ ನೀಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರಿತ್ತು.

ಪ್ರಮುಖ ವೀರಗಲ್ಲುಗಳು

ಹೆಬ್ಬಾಳದ ಕಿತ್ತಯ್ಯನ ಕಲ್ಲು: ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ಕಲ್ಲು 2018ರಲ್ಲಿ ಬೆಳಕಿಗೆ ಬಂದಿತು. ರಟ್ಟವಾಡಿಯವರ ವಿರುದ್ಧದ ಕಾಳಗದಲ್ಲಿ ಮಡಿದ ಕಿತ್ತಯ್ಯನ ಸ್ಮಾರಕವಿದು. ಬೆಂಗಳೂರಿನಲ್ಲಿ ಈವರೆಗೆ ದೊರೆತಿರುವ ಅತ್ಯಂತ ಹಳೆಯ ಕನ್ನಡ ಶಾಸನವೆಂದು ಇದನ್ನು ಪರಿಗಣಿಸಲಾಗಿದೆ.

ಬೇಗೂರಿನ ಕಲ್ಲುಗಳು: ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನ ನಾಗತ್ತರನ ವೀರಗಲ್ಲು ಸುಮಾರು ಕ್ರಿ.ಶ. 900ಕ್ಕೆ ಸೇರಿದೆ. ಗಂಗ ದೊರೆ ಎರೆಯಪ್ಪನ ಆಜ್ಞೆಯಂತೆ ದಂಡೆತ್ತಿ ಹೋದ ನಾಗತ್ತರನು ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೈನ್ಯದೊಡನೆ ಕಾದಿ ಮಡಿದನು. ಬಳಿಕ ಎರೆಯಪ್ಪನು ಇರುಗನಿಗೆ ನಾಗತ್ತರ ಪಟ್ಟವನ್ನೂ ಬೆಂಪೂರು (ಬೇಗೂರು) ಹನ್ನೆರಡನ್ನೂ ನೀಡಿದನು. ಆನೆ, ಕುದುರೆ ಹಾಗೂ ನೆಲಕ್ಕುರುಳಿದ ಯೋಧರ ಚಿತ್ರಣವಿರುವ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಮತ್ತೊಂದು ಶಾಸನ ‘ಬೆಂಗಳೂರ ಕಾಳಗ’ವನ್ನು ಉಲ್ಲೇಖಿಸುತ್ತದೆ. ಕೆಂಪೇಗೌಡರಿಗಿಂತ ಆರು ಶತಮಾನಗಳಷ್ಟು ಮೊದಲೇ ಬೆಂಗಳೂರು ಎಂಬ ಹೆಸರು ಬಳಕೆಯಲ್ಲಿತ್ತೆಂಬುದಕ್ಕೆ ಇದೇ ಆಧಾರ.

ಆಧುನಿಕ ಸ್ಮಾರಕಗಳು

ರಸ್ತೆಬದಿಯಲ್ಲಿ ಯೋಧರನ್ನು ಸ್ಮರಿಸುವ ಕಟ್ಟಡಗಳು ನಂತರದ ಕಾಲದಲ್ಲೂ ನಿರ್ಮಾಣಗೊಂಡವು. ಮೊದಲ ಮಹಾಯುದ್ಧದಲ್ಲಿ ಮಡಿದ ಮೈಸೂರು ಲ್ಯಾನ್ಸರ್ಸ್ ಪಡೆಯವರ ಸ್ಮಾರಕ ಜೆ.ಸಿ. ನಗರದಲ್ಲಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಅಶ್ವದಳಗಳಲ್ಲಿ ಈ ಪಡೆಯೂ ಒಂದು.

ಸಂರಕ್ಷಣೆ

ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 9ನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಅನಂತರ ನಗರವು ಹಬ್ಬಿ ಹೊಲ, ಕೆರೆ, ಊರಬಾಗಿಲುಗಳು ಬಡಾವಣೆಗಳಾದಾಗ ಹಲವು ಕಲ್ಲುಗಳು ಮಣ್ಣಿನಡಿ ಸೇರಿದವು ಅಥವಾ ಕಟ್ಟಡದ ಸಾಮಗ್ರಿಯಾದವು. ಮೂಲಸ್ಥಾನದಿಂದ ಕದಲಿಸಿದರೆ ಕಾಳಗ ಮತ್ತು ಊರಿನ ನಡುವಿನ ಸಂಬಂಧವನ್ನು ಗುರುತಿಸುವುದು ಕಠಿಣವಾಗುತ್ತದೆ. ಶಾಸನವಿಲ್ಲದ ಕಲ್ಲಿಗಂತೂ ಅದು ನಿಂತ ಜಾಗವೇ ಮುಖ್ಯ ಸುಳಿವು. ಹೆಬ್ಬಾಳದ ಕಲ್ಲಿಗೆ ಸ್ಥಳೀಯರು ಹಾಗೂ ಇತಿಹಾಸಾಸಕ್ತರು ಅಲ್ಲಿಯೇ ಮಂಟಪ ಕಟ್ಟಿಸಿದ್ದಾರೆ. ಮಿಥಿಕ್ ಸೊಸೈಟಿಯು ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮದ ಡಿಜಿಟಲ್ ಪ್ರತಿಗಳಾಗಿ ದಾಖಲಿಸುತ್ತಿದೆ.