ನೇತ್ರಾಣಿ ಬಂದ್ ಇದ್ದಾಗ ಸ್ಕೂಬಾಗೆ ಎಲ್ಲಿ ಹೋಗೋದು?

ಮುರುಡೇಶ್ವರ: ಮಳೆಗಾಲದಲ್ಲಿ ಕಡಲು ಒರಟಾಗುವುದರಿಂದ ನೇತ್ರಾಣಿಯಲ್ಲಿ ಸ್ಕೂಬಾ ನಡೆಯೋದಿಲ್ಲ. ಸೀಸನ್ ಮುಗಿದು ಇಲ್ಲಿನ ಅಂಗಡಿಯವರಿಗೆ ಬಿಡುವು ಸಿಗೋದೂ ಆಗಲೇ. ಬೇರೆ ದ್ವೀಪ ಹುಡುಕುವವರು ಫೋಟೊ ನೋಡಿ ಅಲ್ಲ, ತಿಂಗಳು ನೋಡಿ ಟಿಕೆಟ್ ಮಾಡಿಸಬೇಕು.

ಅಂಡಮಾನ್: ಸ್ವರಾಜ್ ದ್ವೀಪ, ಅಂದರೆ ಹಳೆಯ ಹ್ಯಾವ್ಲಾಕ್, ಸ್ಕೂಬಾಗೆ ಹೆಸರುವಾಸಿ. ಡಿಸೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಜೂನ್-ಜುಲೈನಲ್ಲಿ ಅಲ್ಲೂ ಮುಂಗಾರು. ದೋಣಿ ಬಿಡದೆ ರೂಮಿನಲ್ಲೇ ಕೂರಬೇಕಾದೀತು.

ಲಕ್ಷದ್ವೀಪ: ಕದ್ಮತ್, ಬಂಗಾರಂನಲ್ಲಿ ಡೈವಿಂಗ್ ಇದೆ. ಅದೂ ನಮ್ಮದೇ ಅರಬ್ಬಿ ಸಮುದ್ರ, ಮಳೆಗಾಲವೂ ಹೆಚ್ಚುಕಮ್ಮಿ ನಮ್ಮದೇ. ಪ್ರವೇಶಕ್ಕೆ ಪರ್ಮಿಟ್ ಬೇಕು.

ಬಾಲಿ: ಇಂಡೋನೇಷ್ಯಾದ ಈ ದ್ವೀಪ ಸಮಭಾಜಕದ ದಕ್ಷಿಣಕ್ಕಿದೆ. ಏಪ್ರಿಲ್‌ನಿಂದ ಅಕ್ಟೋಬರ್ ಅಲ್ಲಿ ಒಣಹವೆ. ಮಳೆಗಾಲದ ರಜೆಗೆ ಹೊಂದೋದು ಇದೇ. ತುಲಂಬೆನ್ ದಡದ ಹತ್ತಿರವೇ 1942ರಲ್ಲಿ ದಾಳಿಗೊಳಗಾದ ಲಿಬರ್ಟಿ ಹಡಗು ನೀರಿನಡಿ ಇದೆ. ಪಾಸ್‌ಪೋರ್ಟ್‌ಗೆ ಕನಿಷ್ಠ 6 ತಿಂಗಳ ಅವಧಿ ಇರಬೇಕು.

ನೆನಪಿಡಿ: ಆಸ್ತಮಾ, ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಬೇಕು. ಹಲವು ಡೈವ್ ಮಾಡಿದವರು ವಿಮಾನ ಹತ್ತೋಕೆ ಮುಂಚೆ ಕನಿಷ್ಠ 18 ಗಂಟೆ ಬಿಡಬೇಕು. ಅವಸರ ಮಾಡಿದರೆ ಮೈಯಲ್ಲಿ ಉಳಿದ ಸಾರಜನಕ ಗುಳ್ಳೆಗಟ್ಟಿ ಜೀವಕ್ಕೇ ಕುತ್ತು ಬರಬಹುದು. ಹಾಗಾಗಿ ವಾಪಸ್ ಬರೋ ಹಿಂದಿನ ದಿನವನ್ನು ದಡದಲ್ಲೇ ಕಳೆಯೋದು ಒಳ್ಳೆಯದು.