ಕ್ರೌಂಚದ ಕೆಳಗಿನ ಕಾರ್ಖಾನೆ

ವಿಮಾನ ಕಂಪನಿಯ ಚರಿತ್ರೆಯನ್ನು ಹಾರಾಟಗಳ ಲೆಕ್ಕದಲ್ಲಿ ಬರೆಯುವುದು ರೂಢಿ. ಜರ್ಮನಿಯ ಲುಫ್ತಾನ್ಸಾವನ್ನು ಹಾಗೆ ಓದಿದರೆ ಸಿಗುವುದು ಎರಡು ತುಂಡು ಕಥೆ. 1926ರ ಜನವರಿ 6ರಂದು ಬರ್ಲಿನ್‌ನಲ್ಲಿ ಡಾಯ್ಚರ್ ಏರೋ ಲಾಯ್ಡ್ ಮತ್ತು ಯುಂಕರ್ಸ್‌ನ ವಿಮಾನ ಸಾರಿಗೆ ವಿಭಾಗ ಕೂಡಿ ಹುಟ್ಟಿದ ಕಂಪನಿ 1945ರಲ್ಲಿ ಜರ್ಮನಿಯ ಸೋಲಿನೊಂದಿಗೆ ನಿಂತುಹೋಯಿತು. ಇನ್ನೊಂದು 1955ರ ಏಪ್ರಿಲ್ 1ರಂದು ಹಾರತೊಡಗಿತು. ಅದೇ ಚರಿತ್ರೆಯನ್ನು ದುರಸ್ತಿ ಶೆಡ್ಡಿನಿಂದ ಓದಿದರೆ ಎರಡೂ ಒಂದೇ ಕಥೆಯಾಗುತ್ತವೆ ಎನ್ನುವುದು ನನ್ನ ವಾದ. ಕಷ್ಟಕಾಲದಲ್ಲಿ ಈ ಸಂಸ್ಥೆಯನ್ನು ಹಿಡಿದು ನಿಲ್ಲಿಸಿದ್ದು ನೆಲದ ಮೇಲಿನ ಕೆಲಸ. ಅದರ ಅತಿ ದೊಡ್ಡ ಕಳಂಕವೂ ಅಲ್ಲಿಯೇ ಅಂಟಿದೆ.

ಯುದ್ಧ ಶುರುವಾದ ಮೇಲೆ ಪ್ರಯಾಣಿಕರ ಮಾರ್ಗಗಳು ಒಂದೊಂದಾಗಿ ಮುಚ್ಚಿದರೂ ಕಂಪನಿ ಬಾಗಿಲು ಹಾಕಲಿಲ್ಲ. ವಾಯುಸೇನೆಯ ವಿಮಾನಗಳ ರಿಪೇರಿಯೇ ಅದರ ಮುಖ್ಯ ದುಡಿಮೆಯಾಯಿತು. ಆ ನಂಟು ಹೊಸದೇನಲ್ಲ: ಅದರ ನಿರ್ದೇಶಕರಲ್ಲೊಬ್ಬನಾದ ಎರ್ಹಾರ್ಡ್ ಮಿಲ್ಶ್ 1933ರಲ್ಲೇ ನಾಜಿ ಸರ್ಕಾರದ ವಿಮಾನಯಾನ ಖಾತೆಗೆ ಹೋಗಿ ಎರಡನೆಯ ಸ್ಥಾನದಲ್ಲಿ ಕೂತಿದ್ದ. ಆಳುಗಳು ಸಾಲದೆ ಬಂದಾಗ ಆಕ್ರಮಿತ ನಾಡುಗಳಿಂದ ಹೊತ್ತು ತಂದ ಜನರನ್ನು ಶೆಡ್ಡುಗಳಿಗೆ ದೂಡಲಾಯಿತು. ಹೀಗೆ ಬಿಟ್ಟಿ ದುಡಿದವರು ಹತ್ತು ಸಾವಿರಕ್ಕೂ ಹೆಚ್ಚು. ಬರ್ಲಿನ್‌ನ ಟೆಂಪಲ್‌ಹೋಫ್ ವಿಮಾನ ನಿಲ್ದಾಣ ಮುಚ್ಚಿದ ಮೇಲೆ, 2012ರಿಂದ ಪುರಾತತ್ವಜ್ಞರು ಆ ಬಯಲಿನ ಅಂಚನ್ನು ಅಗೆದರು. ಹುಲ್ಲಿನ ಅಡಿಯಲ್ಲಿ ಸಿಕ್ಕಿದ್ದು ಆ ಜನ ಮಲಗೇಳುತ್ತಿದ್ದ ಮರದ ಬ್ಯಾರಕ್ಕುಗಳ ತಳಪಾಯದ ಗುರುತುಗಳು. ರನ್‌ವೇಯ ಚಿತ್ರಗಳಲ್ಲಿ ಎಂದೂ ಕಾಣದ ಜಾಗ ಅದು.

ಎರಡೂ ಒಂದೇ ಕಥೆ ಎಂಬ ವಾದಕ್ಕೆ ಎದ್ದುಬರುವ ಆಕ್ಷೇಪ ಕಾನೂನಿನದು. ಇಂದಿನ ಕಂಪನಿ 1953ರಲ್ಲಿ ಕೋಲೋನ್‌ನಲ್ಲಿ ಲುಫ್ಟಾಗ್ ಎಂಬ ಹೆಸರಿನಲ್ಲಿ ಹೊಸದಾಗಿ ನೋಂದಾಯಿತವಾದದ್ದು, ಹಳೆಯದರ ವಾರಸುದಾರ ಅಲ್ಲ ಎಂಬ ಮಾತು. ಕಾಗದದ ಮೇಲೆ ಅದು ನಿಜ, ತಳ್ಳಿಹಾಕುವಂತಿಲ್ಲ. ಆದರೆ 1954ರಲ್ಲಿ ಅದು ಹಳೆಯ ಹೆಸರನ್ನೂ, 1918ರಲ್ಲಿ ಓಟೋ ಫಿರ್ಲೆ ಬರೆದ ಹಾರುವ ಕ್ರೌಂಚದ ಚಿಹ್ನೆಯನ್ನೂ ಬೆಲೆ ಕೊಟ್ಟು ಕೊಂಡಿತು. ಹೊಸ ಕಂಪನಿಯನ್ನು ಕಟ್ಟಿದ ಹಾನ್ಸ್ ಬೊಂಗರ್ಸ್ ಹಳೆಯ ಕಂಪನಿಯಲ್ಲೇ ಪಳಗಿದವರು. ಕೀರ್ತಿಯನ್ನು ಕೊಂಡವರಿಗೆ ಅದರ ನೆರಳೂ ಬರುತ್ತದೆ. 1926ರಿಂದ ನೂರು ವರ್ಷ ಎಣಿಸಿದರೆ ಬ್ಯಾರಕ್ಕಿನ ವರ್ಷಗಳೂ ಆ ನೂರರಲ್ಲಿ ಸೇರುತ್ತವೆ. ಇತಿಹಾಸಕಾರ ಲುಟ್ಜ್ ಬುಡ್ರಾಸ್ 2016ರಲ್ಲಿ ಪ್ರಕಟಿಸಿದ ದಪ್ಪ ಪುಸ್ತಕ ಆ ಲೆಕ್ಕವನ್ನು ಓದುಗರ ಮುಂದಿಟ್ಟಿತು.

ಯುದ್ಧಾನಂತರದ ಕಥೆಯೂ ಹ್ಯಾಂಬರ್ಗ್‌ನ ಶೆಡ್ಡುಗಳಲ್ಲೇ ಬೆಳೆಯಿತು. ದೊಡ್ಡ ತಪಾಸಣೆಗೆ ಬಂದ ವಿಮಾನದ ಸೀಟು, ಗೋಡೆಹಲಗೆ, ನೆಲ ಎಲ್ಲವನ್ನೂ ಕಳಚಿ, ಬರಿ ಲೋಹದ ಅಸ್ಥಿಪಂಜರವನ್ನು ಬಿರುಕಿಗಾಗಿ ಇಂಚಿಂಚೂ ಪರೀಕ್ಷಿಸುತ್ತಾರೆ. ಆ ಕೈಚಳಕ ಒಂದೆರಡು ವರ್ಷದಲ್ಲಿ ಬರುವಂಥದಲ್ಲ, ಬಂದಮೇಲೆ ಬೇರೆ ಕಂಪನಿಗಳಿಗೂ ಮಾರಬಹುದು. 1990ರ ದಶಕದ ಆರಂಭದಲ್ಲಿ ಸಂಸ್ಥೆ ದಿವಾಳಿಯ ಅಂಚಿಗೆ ಬಂದಾಗ ಚುಕ್ಕಾಣಿ ಹಿಡಿದಿದ್ದ ಯೂರ್ಗನ್ ವೇಬರ್ ತಾಂತ್ರಿಕ ವಿಭಾಗದಿಂದಲೇ ಮೇಲೆ ಬಂದ ಎಂಜಿನಿಯರ್. ಅವರ ಕಾಲದಲ್ಲಿ, 1995ರಲ್ಲಿ, ದುರಸ್ತಿ, ಸರಕು, ಕಂಪ್ಯೂಟರ್ ವಿಭಾಗಗಳು ತಮ್ಮದೇ ಲೆಕ್ಕಪುಸ್ತಕವುಳ್ಳ ಅಂಗಸಂಸ್ಥೆಗಳಾದವು. ಮುಂದೆ ಸ್ವಿಸ್, ಆಸ್ಟ್ರಿಯನ್, ಬ್ರಸೆಲ್ಸ್ ವಿಮಾನ ಕಂಪನಿಗಳನ್ನು ಸೇರಿಸಿಕೊಂಡದ್ದೇ ಸುದ್ದಿಯಾಯಿತು. ನನಗೆ ಮುಖ್ಯವಾಗಿ ಕಾಣುವುದು 1995. ಕೋವಿಡ್ ಬಂದ 2020ರಲ್ಲಿ ಪ್ರಯಾಣಿಕರಿಲ್ಲದೆ ಸಮೂಹ ನೂರಾರು ಕೋಟಿ ಯೂರೋ ನಷ್ಟಕ್ಕಿಳಿದು, 900 ಕೋಟಿ ಯೂರೋ ನೆರವಿನ ಯೋಜನೆಗೆ ಕೈಚಾಚಿತು. ಅದೇ ವರ್ಷ, 1995ರಲ್ಲಿ ಬೇರೆಯಾಗಿದ್ದ ಸರಕು ವಿಭಾಗ 77 ಕೋಟಿ ಯೂರೋಗೂ ಹೆಚ್ಚು ಲಾಭ ತಂದಿತು.

ನೆಲದ ಕೆಲಸ ಅಷ್ಟು ಮುಖ್ಯವಾದರೆ ಅಡುಗೆಮನೆಯನ್ನೇಕೆ ಮಾರಿದರು ಎಂದು ಕೇಳಬಹುದು. ವಿಮಾನಗಳಿಗೆ ಲಕ್ಷಾಂತರ ಊಟ ಕಳಿಸುತ್ತಿದ್ದ ಅಂಗಸಂಸ್ಥೆ ಎಲ್‌ಎಸ್‌ಜಿಯ ಯುರೋಪಿನ ವ್ಯವಹಾರ 2020ರಲ್ಲಿ, ಉಳಿದದ್ದು 2023ರಲ್ಲಿ ಕೈಬಿಟ್ಟುಹೋದದ್ದು ಹೌದು. ಆದ್ದರಿಂದ ಎಲ್ಲ ಅಂಗಸಂಸ್ಥೆಯೂ ಬೆನ್ನೆಲುಬು ಎಂದು ನಾನು ಹೇಳಲಾರೆ. ಸೀಟು ಖಾಲಿಯಾದ ದಿನ ಊಟವೂ ಬೇಡ. ಹಾರದೆ ನಿಂತ ವಿಮಾನಕ್ಕಾದರೂ ಆರೈಕೆ ತಪ್ಪುವುದಿಲ್ಲ. ದುರಸ್ತಿ ಸಂಸ್ಥೆಯಲ್ಲೂ ಒಂದು ಪಾಲು ಮಾರುವ ಮಾತು ನಡೆದಿತ್ತು. ಅಡುಗೆಮನೆ ಪೂರ್ತಿ ಬೇರೆಯವರ ಪಾಲಾದ ಅದೇ 2023ರಲ್ಲಿ ಆ ಯೋಚನೆಯನ್ನು ಕೈಬಿಟ್ಟು, ಹ್ಯಾಂಬರ್ಗ್‌ನ ಶೆಡ್ಡನ್ನು ಇಡಿಯಾಗಿ ಉಳಿಸಿಕೊಂಡರು.