ಗಾಜಿನ ಬೆನ್ನಿನ ಬಣ್ಣ

ದೊಡ್ಡಬಳ್ಳಾಪುರದ ನಮ್ಮ ಮನೆಯ ದೇವರ ಕೋಣೆಯಲ್ಲಿ ಅತ್ತೆಯವರ ತವರಿನಿಂದ ಬಂದ ಬಾಲಕೃಷ್ಣನ ಪಟವೊಂದಿದೆ. ಕಾಗದದ್ದಲ್ಲ, ಗಾಜಿನ ಮೇಲೆ ಬರೆದದ್ದು. ಒಂದು ಗೌರಿಹಬ್ಬದ ಹಿಂದಿನ ದಿನ ಧೂಳು ತೆಗೆಯೋಣವೆಂದು ಚೌಕಟ್ಟು ಬಿಚ್ಚಿ, ಬೆನ್ನಿನ ಕಡೆ ಒದ್ದೆ ಬಟ್ಟೆಯಿಂದ ಒರೆಸಿದೆ. ಬಟ್ಟೆಯೆಲ್ಲ ನೀಲಿ! ಗಾಬರಿಯಿಂದ ಪಟ ತಿರುಗಿಸಿದರೆ ಕೃಷ್ಣನ ಒಂದು ತೋಳೇ ಇಲ್ಲ. ತೋಳಿನ ಕಪ್ಪು ಗೆರೆ, ಬಳೆ ಮಾತ್ರ ಉಳಿದಿದ್ದವು. ಅತ್ತೆ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ನನ್ನನ್ನು ಹೆಚ್ಚು ಚುಚ್ಚಿತು.

ಮಕ್ಕಳಿಗೆ ಚರಿತ್ರೆ ಪಾಠ ಹೇಳುವ ನನಗೆ ನಮ್ಮ ಗೋಡೆಯ ಮೇಲಿದ್ದ ಚರಿತ್ರೆ ಗೊತ್ತಿರಲಿಲ್ಲ. ಹುಡುಕುತ್ತಾ ಹೋದೆ. ಗಾಜಿನ ಹಿಂಬದಿಗೆ ಚಿತ್ರ ಬರೆಯುವ ವಿದ್ಯೆ ಯೂರೋಪಿನಲ್ಲಿ ಬಹಳ ಹಳೆಯದು. ಅಲ್ಲಿಂದ ಅದು ಚೀನಾಕ್ಕೆ ಹೋಯಿತು. 18ನೇ ಶತಮಾನದಲ್ಲಿ ಕ್ಯಾಂಟನ್ನಿನ ಚಿತ್ರಕಾರರು ಮಾರಾಟಕ್ಕೆಂದು ಬರೆದ ಪಟಗಳು ವ್ಯಾಪಾರದ ಹಡಗುಗಳಲ್ಲಿ ನಮ್ಮ ದೇಶಕ್ಕೂ ಬಂದವು. ನಮ್ಮವರು ಕಲಿತುಕೊಂಡರು. ಮೈಸೂರು, ತಂಜಾವೂರುಗಳ ಕಲಾವಿದರ ಕೈಗೆ ಸಿಕ್ಕ ಮೇಲೆ ಗಾಜಿನಲ್ಲಿ ರಾಮ ಪಟ್ಟಾಭಿಷಿಕ್ತನಾದ, ಕೃಷ್ಣ ಬೆಣ್ಣೆ ತಿಂದ. 1894ರಲ್ಲಿ ರಾಜಾ ರವಿವರ್ಮರ ಮುದ್ರಣಾಲಯ ಮುಂಬಯಿಯಲ್ಲಿ ಶುರುವಾಗಿ, ಅಚ್ಚಿನ ಪಟಗಳು ಅಗ್ಗಕ್ಕೆ ಮನೆಮನೆಗೂ ಬಂದಾಗ ಗಾಜಿನ ಪಟಗಳು ಹಿಂದೆ ಸರಿದವು.

ಈ ಚಿತ್ರ ಬರೆಯುವುದೇ ತಲೆಕೆಳಗಿನ ಕೆಲಸ. ಬಟ್ಟೆಯ ಮೇಲೆ ಬರೆಯುವವರು ಕೊನೆಗೆ ಕಣ್ಣು ತಿದ್ದುತ್ತಾರೆ. ಇಲ್ಲಿ ಕಣ್ಣು, ಗೆರೆ, ಒಡವೆ ಮೊದಲು, ಮೈಬಣ್ಣ ಆಮೇಲೆ, ಹಿನ್ನೆಲೆ ಕಟ್ಟಕಡೆಗೆ. ಎಡ ಬಲವೂ ಅದಲುಬದಲು. ತಪ್ಪಿದರೆ ತಿದ್ದುವಂತಿಲ್ಲ. ಗಾಜು ನಯ, ಬಟ್ಟೆ, ಗೋಡೆಗಳ ಹಾಗೆ ಬಣ್ಣವನ್ನು ಹೀರಿಕೊಳ್ಳುವುದಿಲ್ಲ. ತೇವ, ದೀಪದ ಬಿಸಿ ತಾಗಿ ವರ್ಷಗಳಾದಂತೆ ಬಣ್ಣ ಗಾಜನ್ನು ಬಿಟ್ಟು ಹಪ್ಪಳದ ಹಾಗೆ ಏಳುತ್ತದೆ. ಅಮೆರಿಕದ ಪಿನ್‌ಬಾಲ್ ಎಂಬ ಆಟದ ಯಂತ್ರಗಳಿಗೂ ಇದೇ ಕಾಯಿಲೆಯಂತೆ. ಅವುಗಳ ಮುಂದಿನ ಗಾಜಿನ ಚಿತ್ರವೂ ಬೆನ್ನಿನಿಂದಲೇ ಅಚ್ಚಾದದ್ದು. ಒಳಗಿನ ಬಲ್ಬುಗಳ ಕಾವಿಗೆ ಬಣ್ಣ ಉದುರುತ್ತದೆ. ದೇವರ ಪಟವಾದರೇನು, ಆಟದ ಯಂತ್ರವಾದರೇನು, ಗಾಜಿನ ಗುಣ ಒಂದೇ.

ರಿಪೇರಿ ಎಂದಾಗ ನನಗೆ ನೆನಪಾದದ್ದು ಶ್ರೀರಂಗಪಟ್ಟಣದ ದರಿಯಾ ದೌಲತ್. ನಮ್ಮ ಪಕ್ಕದ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು 1784ರಲ್ಲಿ ಕಟ್ಟಿಸಿದ ಅರಮನೆ ಅದು. ಅದರ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅಳಿಸಿಹೋಗಿದ್ದ ಅದನ್ನು ವೆಲ್ಲೆಸ್ಲಿ ಸರಿಪಡಿಸಿದ. ಮತ್ತೆ ಸುಣ್ಣ ಬಿತ್ತು. ಡಾಲ್‌ಹೌಸಿ ಬಂದಾಗ, ಮೂಲ ಚಿತ್ರ ನೆನಪಿದ್ದ ನಮ್ಮವನೊಬ್ಬನ ಕೈಯಲ್ಲಿ ಮತ್ತೆ ಬರೆಸಿದ. ಇಂದು ನಾವು ನೋಡುವುದು ಯಾರ ಚಿತ್ರ? ಟಿಪ್ಪುವಿನ ಕಲಾವಿದನದೋ, ನೆನಪಿನಿಂದ ತಿದ್ದಿದವನದೋ?

ನಾನೂ ಅಂಗಡಿಯಿಂದ ನೀಲಿ ಬಣ್ಣ ತಂದಿಟ್ಟಿದ್ದೆ. ಹಳೆಯ ಪಟಗಳ ಕೆಲಸ ಬಲ್ಲವರೊಬ್ಬರು ತಡೆದರು. "ಹೊಸ ಬಣ್ಣ ಹಳೆಯದರ ಮೇಲೆ ಹರಿದರೆ ಮತ್ತೆ ಬಿಡಿಸಲಾಗದು. ಮುಖ ಕೆಳಗೆ ಮಾಡಿ ಮಲಗಿಸಿ, ಉದುರಿದ ಚೂರನ್ನೂ ಎಸೆಯಬೇಡಿ" ಎಂದರು. ಅವರು ಹೇಳಿದಂತೆ ಒಂದು ಕಾಗದಕ್ಕೆ ನೀಲಿ ಬಳಿದು, ತೋಳು ಹೋದ ಜಾಗಕ್ಕೆ ಸರಿಯಾಗಿ ಹಿಂದಿನ ರಟ್ಟಿಗೆ ಅಂಟಿಸಿ, ಹಳೆಯ ಬಣ್ಣಕ್ಕೆ ತಾಗದಂತೆ ಚೌಕಟ್ಟು ಕೂಡಿಸಿದೆ. ನೀಲಿ ಹೊಂದಲು ನಾಲ್ಕು ಸಲ ಬಳಿಯಬೇಕಾಯಿತು.

ಮುಂದಿನಿಂದ ನೋಡಿದರೆ ಕೃಷ್ಣನಿಗೆ ತೋಳು ಬಂದಿದೆ. ಹತ್ತಿರ ಹೋದರೆ ವ್ಯತ್ಯಾಸ ಕಾಣುತ್ತದೆ, ಕಾಣಲಿ. ನಾಳೆ ನನಗಿಂತ ಬಲ್ಲವರು ಬಂದರೆ ಕಾಗದ ತೆಗೆದು ಸರಿಯಾಗಿ ಮಾಡಲಿ. ಅತ್ತೆ ಪಟದ ಮುಂದೆ ದೀಪ ಹಚ್ಚಿ, ಅದನ್ನು ಒಂದು ಗೇಣು ಹಿಂದಕ್ಕೆ ಸರಿಸಿದರು. "ಬಿಸಿ ತಾಗದಿರಲಿ" ಎಂದರು. ಅಷ್ಟೇ.